ಫಕ್ರುಸಾಬರ ಬ್ರೇಕು

1984ರ ಏಪ್ರಿಲ್ 22, ರವಿವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಶಿಗ್ಗಾಂವದ ಮನೆಯ ಹಿತ್ತಲಿನ ಕೊಟ್ಟಿಗೆಯಲ್ಲಿ ಅನಂತ ಹಳೆಯ ಮೋರಿಸ್ ಕಾರಿನ ಬ್ರೇಕ್ ಸಿಲಿಂಡರನ್ನು ಬಿಚ್ಚಿ, ಒಳಗಿದ್ದ ರಬ್ಬರಿನ ಬಟ್ಟಲನ್ನು ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಹೊರಗೆಳೆದ. ಎಂಟಾಣೆ ನಾಣ್ಯಕ್ಕಿಂತ ತುಸು ಸಣ್ಣದು. ಡ್ರೈವರ್ ಪೆಡಲು ತುಳಿದಾಗ ಈ ಬಟ್ಟಲೇ ಎಣ್ಣೆಯನ್ನು ಮುಂದಕ್ಕೆ ನೂಕಬೇಕು, ಎಣ್ಣೆ ನಾಲ್ಕೂ ಗಾಲಿಗಳಿಗೆ ಹೋಗಿ ಗಾಡಿಯನ್ನು ಹಿಡಿಯಬೇಕು. ಅದಕ್ಕೆ ಬಟ್ಟಲಿನ ಅಂಚು ಸುತ್ತಲೂ ನೆಟ್ಟಗೆ ನಿಂತು ಸಿಲಿಂಡರಿನ ಗೋಡೆಗೆ ಅಂಟಿಕೊಂಡಿರಬೇಕು. ಇದರ ಅಂಚು ಒಂದು ಕಡೆ ಒಳಕ್ಕೆ ಮಡಚಿಕೊಂಡು, ಹಾಗೆಯೇ ಒಣಗಿ, ಹಳೆಯ ಚಪ್ಪಲಿಯ ತೊಗಲಿನಂತೆ ಬಿರುಸಾಗಿತ್ತು.

ಅವನು ಅದನ್ನು ಬಿಳಿ ಬಶಿಯಲ್ಲಿಟ್ಟು ಬಹಳ ಹೊತ್ತು ನೋಡುತ್ತ ಕುಳಿತ. ಚಹಾ ತಂದ ಹೆಂಡತಿ ಶಾಮಲಾ, ಏನಾಯಿತೆಂದು ಕೇಳಿದಳು. ಈ ಸ್ಥಿತಿಯಲ್ಲಿ ಪೆಡಲು ತುಳಿದರೆ ಅದು ನೆಲದವರೆಗೂ ಇಳಿದುಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ ಎಂದು ಅನಂತ ಹೇಳಿದ. ಹೇಳುತ್ತಿದ್ದಂತೆಯೇ ಅವನಿಗೆ ತನ್ನ ಮಾತು ತನಗೇ ಬೇರೆ ಯಾರದೋ ಮಾತಿನಂತೆ ಕೇಳಿಸಿತು. ಇದೇ ಮಾತನ್ನು ಇಪ್ಪತ್ತಾರು ವರ್ಷಗಳ ಹಿಂದೆ, ಇದೇ ಕಾರು ಅಪಘಾತಕ್ಕೆ ಸಿಕ್ಕಿದಾಗ, ಡ್ರೈವರ್ ಫಕ್ರುಸಾಬರು ಆಡಿದ್ದರು. ಯಾರೂ ನಂಬಿರಲಿಲ್ಲ.

ಅನಂತ ಊರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ಕಾರು ಅವನ ತಂದೆ, ವಕೀಲ ರಾಘವೇಂದ್ರರಾಯರದು; ಮೇಲಿನ ಕ್ಯಾನ್ವಾಸ್ ಚಾವಣಿಯನ್ನು ಹಿಂದಕ್ಕೆ ಮಡಿಸಿದರೆ ಆಕಾಶಕ್ಕೆ ತೆರೆದುಕೊಳ್ಳುವಂಥದು. 1958ರಿಂದ ಅದು ಕೊಟ್ಟಿಗೆಯಲ್ಲಿ ಗೋಣಿತಾಟಿನ ಕೆಳಗೆ ನಿಂತಿತ್ತು. ರಾಯರು ಇರುವತನಕ ಅದನ್ನು ಮುಟ್ಟಗೊಡಲಿಲ್ಲ, ಮಾರಲೂ ಇಲ್ಲ. ಅವರು ತೀರಿಕೊಂಡ ಮೇಲೆ ಅನಂತ ಪ್ರತಿ ಬೇಸಿಗೆಯ ರಜೆಯನ್ನೂ ಅದಕ್ಕೇ ಕೊಟ್ಟ. ಮೊದಲ ವರ್ಷ ಇಂಜಿನ್ನು. ಎರಡನೆಯ ವರ್ಷ ಇಲಿ ತಿಂದ ಸೀಟು, ತುಕ್ಕು ಹಿಡಿದ ತಗಡು, ತಾಡಪತ್ರಿ ಹೊಲಿಯುವವನಿಂದ ಹೊಸ ಚಾವಣಿ. ಒಂದೊಂದು ಬೋಲ್ಟಿಗೂ ಚೀಟಿ ಹಚ್ಚಿ ಬಾಟಲಿಗಳಲ್ಲಿ ಜೋಡಿಸಿದ್ದ. ಬೇಸಿಗೆಯ ಸಂಜೆ ಚಾವಣಿ ಇಳಿಸಿ, ಶಾಮಲಾಳನ್ನು ಕೂರಿಸಿಕೊಂಡು, ಬಂಕಾಪುರದ ಕೋಟೆಯವರೆಗೆ ಗಾಳಿಗೆ ಹೋಗಿ ಬರುವುದು, ಅಷ್ಟೇ ಅವನ ಆಸೆ. ಈ ವರ್ಷ ಉಳಿದಿದ್ದುದು ಬ್ರೇಕು ಮಾತ್ರ.

ಆ ಅಪಘಾತವಾದದ್ದು 1958ರ ಏಪ್ರಿಲ್ ಮೊದಲ ವಾರ, ಸಂಜೆ ನಾಲ್ಕರ ಸುಮಾರು. ರಾಯರನ್ನು ಕೂರಿಸಿಕೊಂಡು ಡ್ರೈವರ್ ಫಕ್ರುಸಾಬರು ಬಂಕಾಪುರದಿಂದ ಬರುತ್ತಿದ್ದರು. ಇಳುಕಲಿನಲ್ಲಿ ಎದುರಿಗೆ ಹತ್ತಿ ತುಂಬಿದ ಚಕ್ಕಡಿ. ಕಾರು ನಿಲ್ಲಲಿಲ್ಲ. ಒಂದು ಎತ್ತು ಸತ್ತಿತು. ರಾಯರ ಸೊಂಟದ ಎಲುಬು ಮುರಿದು, ಮುಂದೆ ಸಾಯುವತನಕ ಅವರು ಊರುಗೋಲು ಬಿಡಲಿಲ್ಲ. ಬ್ರೇಕು ತುಳಿದೆ, ಅದು ಕುಸಿಯಿತು ಎಂದು ಫಕ್ರುಸಾಬರು ಹೇಳಿದರು. ಆದರೆ ಪೊಲೀಸರು ಬಂದು ತುಳಿದು ನೋಡಿದಾಗ ಪೆಡಲು ಗಟ್ಟಿಯಾಗಿಯೇ ನಿಂತಿತು. ಅದು ರಂಜಾನ್ ತಿಂಗಳು. ಉಪವಾಸದ ನಿಶ್ಶಕ್ತಿಯಿಂದ ಡ್ರೈವರನಿಗೆ ಕಣ್ಣುಕತ್ತಲೆ ಬಂದಿತ್ತು, ಕಾಲು ಬ್ರೇಕಿನ ಮೇಲೆ ಹೋಗಲೇ ಇಲ್ಲ ಎಂದು ದಾಖಲಾಯಿತು. ಕೇಸು ಆಗಲಿಲ್ಲ. ಆದರೆ ಅಂದಿನಿಂದ ಯಾರೂ ಫಕ್ರುಸಾಬರ ಕೈಗೆ ಸ್ಟೇರಿಂಗ್ ಕೊಡಲಿಲ್ಲ. ಅವರು ಬಂಕಾಪುರದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡರು.

ಅಂಚು ಮಡಚಿದ ಬಟ್ಟಲು ಒಮ್ಮೆ ಎಣ್ಣೆಯನ್ನು ಬಿಟ್ಟುಕೊಡಬಹುದು, ಮರುಕ್ಷಣ ಗೋಡೆಗೆ ಸಿಕ್ಕಿಕೊಂಡು ಹಿಡಿಯಲೂಬಹುದು. ಪೊಲೀಸರ ಕಾಲಿಗೆ ಪೆಡಲು ಗಟ್ಟಿಯಾಗಿ ಸಿಕ್ಕಿದ್ದು ಹಾಗೆ. ಇಷ್ಟು ಅನಂತನಿಗೆ ಚಹಾ ಆರುವುದರೊಳಗೇ ತಿಳಿಯಿತು. ಅಂಚು ಮಡಚಿದ್ದು ಯಾಕೆ ಎಂಬುದು ಮಾತ್ರ ತಿಳಿಯಲಿಲ್ಲ. ರಬ್ಬರು ಮೆತ್ತಗಾಗಿ, ಸಿಲಿಂಡರಿನಲ್ಲಿ ಹಿಡಿಸಲಾರದಷ್ಟು ಉಬ್ಬಿದರೆ ಮಾತ್ರ ಹಾಗಾಗುತ್ತದೆ. ಔಡಲೆಣ್ಣೆಯ, ಅಂದರೆ ಹರಳೆಣ್ಣೆಯ, ಬೆರಕೆಯ ಬ್ರೇಕಿನ ಎಣ್ಣೆಯಲ್ಲಿ ರಬ್ಬರು ಉಬ್ಬುವುದಿಲ್ಲ.

ಮಧ್ಯಾಹ್ನ ಎಲೆಯ ಮುಂದೆ ಕುಳಿತಾಗ ಅವನಿಗೆ ನೆನಪಾಯಿತು. ಕೈ ತುತ್ತಿನ ಮೇಲೆಯೇ ನಿಂತಿತು.

ಆಗ ಅವನಿಗೆ ಹದಿನೆಂಟು. ಧಾರವಾಡದಲ್ಲಿ ಬಿ.ಎಸ್ಸಿ. ಮೊದಲ ವರ್ಷ ಮುಗಿಸಿ ರಜೆಗೆ ಬಂದಿದ್ದ. ಶುಕ್ರವಾರ ಫಕ್ರುಸಾಬರು ಮಸೀದಿಗೆ ಹೋದ ಹೊತ್ತಿನಲ್ಲಿ ಬ್ರೇಕಿನ ಎಣ್ಣೆಯ ಮುಚ್ಚಳ ತೆಗೆದು ನೋಡಿದ; ಎಣ್ಣೆ ಕರ್ರಗಾಗಿತ್ತು. ಜಿಡ್ಡನ್ನು ಕರಗಿಸುವುದಕ್ಕೆ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆಯಂಥದು ಇನ್ನೊಂದಿಲ್ಲ ಎಂದು ಕಾಲೇಜಿನಲ್ಲಿ ಕಲಿತಿದ್ದ. ಹಳೆಯದನ್ನು ಹರಿಯಬಿಟ್ಟು, ಚಿಮಣಿ ಎಣ್ಣೆ ಸುರಿದು, ಹತ್ತು ಸಲ ಪೆಡಲು ಒತ್ತಿ ತೊಳೆದು, ಹೊಸ ಎಣ್ಣೆ ತುಂಬಿಸಿದ. ಒಳ್ಳೆಯ ಕೆಲಸ ಮಾಡಿದೆನೆಂಬ ಹೆಮ್ಮೆಯಿತ್ತು. ಫಕ್ರುಸಾಬರಿಗೆ ಆಮೇಲೆ ಹೇಳಿದರಾಯಿತೆಂದುಕೊಂಡ. ನಾಲ್ಕನೆಯ ದಿನ ಅಪಘಾತವಾಯಿತು.

ಚಿಮಣಿ ಎಣ್ಣೆ ರಬ್ಬರನ್ನು ಉಬ್ಬಿಸುತ್ತದೆಂದು ಅವನು ಎಂ.ಎಸ್ಸಿ.ಯಲ್ಲಿ ಓದಿದ್ದ. ಓದಿ ಇಪ್ಪತ್ತು ವರ್ಷವಾಗಿತ್ತು. ಆ ಶುಕ್ರವಾರವನ್ನೂ ಆ ಪಾಠವನ್ನೂ ಒಂದು ದಿನವೂ ಪಕ್ಕಪಕ್ಕದಲ್ಲಿಟ್ಟು ನೋಡಿರಲಿಲ್ಲ. ನೋಡಿರಲಿಲ್ಲವೋ, ನೋಡುವುದು ಬೇಡವಾಗಿತ್ತೋ ಎಂದು ಈಗ ತನ್ನನ್ನೇ ಕೇಳಿಕೊಂಡ.

ನೆನಪನ್ನಷ್ಟೇ ನಂಬಿ ಹೋಗುವ ಜಾಯಮಾನ ಅವನದಲ್ಲ. ಹುಬ್ಬಳ್ಳಿಯಿಂದ ಎರಡು ಜೊತೆ ಹೊಸ ಬಟ್ಟಲು ತಂದಿದ್ದ. ಒಂದನ್ನು ಔಡಲೆಣ್ಣೆಯಲ್ಲಿ, ಇನ್ನೊಂದನ್ನು ಚಿಮಣಿ ಎಣ್ಣೆಯಲ್ಲಿ ಮುಳುಗಿಸಿ ಗೋಡೆಯ ಮಾಡದಲ್ಲಿಟ್ಟ. ಏಳು ದಿನ ಬಿಟ್ಟು ಅಳೆದ. ಔಡಲೆಣ್ಣೆಯದು ಇದ್ದಂತೆಯೇ ಇತ್ತು. ಇನ್ನೊಂದು ಮೂರೂವರೆ ಮಿಲಿಮೀಟರ್ ಅಗಲವಾಗಿ, ಒತ್ತಿದರೆ ಬೆಂದ ಗಡ್ಡೆಯಂತೆ ಕುಗ್ಗುತ್ತಿತ್ತು.

ತಾಯಿ ಭಾಗೀರಥಿಬಾಯಿಗೆ ಹೇಳಿದಾಗ ಅವರು ಹೂಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು, ಉಪವಾಸದ ಮಾತನ್ನು ಹುಟ್ಟಿಸಿದವಳು ತಾನೇ ಎಂದರು.

“ಪೊಲೀಸರು ಬಂದಾಗ ನಿಮ್ಮಪ್ಪ ನೋವಿನಾಗ ಒದ್ದಾಡಾಕತ್ತಿದ್ರು. ಇನ್ನ ಡ್ರೈವರನ್ನ ಒಳಗ ಹಾಕ್ತಾರ ಅಂತ ನಾನ ಅಂದೆ, ಪಾಪ, ರೋಜಾ ಹಿಡದಾನ, ಕಣ್ಣಿಗೆ ಕತ್ತಲಿ ಬಂದದ ಅಂತ. ಏಕಾದಶಿ ದಿನಾ ಇಳಿಹೊತ್ತಿಗೆ ನನಗೂ ಹಂಗ ಆಗ್ತದಲ್ಲ. ಬಿಡಿಸಬೇಕಂತ ಅಂದ ಮಾತಪ್ಪ ಅದು. ಅಂದು ಅಂದು, ನಾವೂ ನಂಬಿದಿವಿ.”

ನಿರ್ಜಲ ಏಕಾದಶಿ ಮಾಡುವ ಮನೆಗೆ ಉಪವಾಸದ ಸಂಕಟ ಗೊತ್ತು. ಗೊತ್ತಿದ್ದುದರಿಂದಲೇ ಆ ಕಾರಣ ಅಷ್ಟು ಸುಲಭವಾಗಿ ಒಪ್ಪಿಗೆಯಾಗಿತ್ತು. ಅದರಲ್ಲಿ ದ್ವೇಷವಿರಲಿಲ್ಲ. ದ್ವೇಷವಿದ್ದಿದ್ದರೆ ಯಾರಾದರೂ ಅನುಮಾನಿಸಿಯಾದರೂ ನೋಡುತ್ತಿದ್ದರೇನೋ.

“ಈಗ ಅವಗ ಹೇಳಿದ್ರ ಏನ ಕೊಟ್ಟಂಗಾತು?” ಎಂದು ತಾಯಿ ಕೇಳಿದರು. “ಇಪ್ಪತ್ತಾರು ವರ್ಷ ತಿರುಗಿ ಕೊಡಾಕ ಬರ್ತದೇನು?”

ಬತ್ತಿಗಳನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕಿದ ಮೇಲೆ ಅವರೇ ಅಂದರು: “ಹೋಗೂದಿದ್ರ ನನ್ನ ಮಾತೂ ಅದರಾಗ ಸೇರಿಸಿ ಹೇಳು. ನಿಂದಷ್ಟ ಹೇಳಬ್ಯಾಡ.”

ಮೇ 6ರಂದು ಅವನು ಬಸ್ಸು ಹಿಡಿದು ಬಂಕಾಪುರಕ್ಕೆ ಹೋದ. ಫಕ್ರುಸಾಬರ ಅಂಗಡಿ ಎಂದರೆ ಬೇವಿನ ಮರದ ಕೆಳಗೆ ಒಂದು ತಗಡಿನ ಚಪ್ಪರ, ತೂಗುಬಿದ್ದ ಟಾಯರುಗಳು, ಪಂಚರು ನೋಡಲು ನೀರಿನ ಬೋಗುಣಿ. ಪಕ್ಕದಲ್ಲೇ ವೀರವ್ವನ ಚಹಾದಂಗಡಿ. ಅಲ್ಲಿ ಬೆಂಚಿನ ಮೇಲೆ ಕುಳಿತಿದ್ದ ಶಂಕ್ರಪ್ಪ, ಅಡತಿ ಅಂಗಡಿಯಲ್ಲಿ ಚೀಲ ಹೊರುವವನು, ಗಾಲಿಯ ಮೇಲೆ ಬಾಗಿದ್ದ ಮುದುಕರನ್ನು ನೋಡಿ ದಿನದ ಮಾತು ಆಡುತ್ತಿದ್ದ: “ಸಾಬ್ರ, ನಿದ್ದಿ ಹತ್ತೀತ್ರಿ, ಹುಷಾರ.” ಬೆಂಚು ನಗುತ್ತಿತ್ತು. ಫಕ್ರುಸಾಬರೂ ನಕ್ಕರು. ಆ ನಗೆ ಸವೆದು ಸವೆದು ಕೆಮ್ಮಿನಂತಾಗಿತ್ತು.

ಅನಂತನನ್ನು ಕಂಡು ಅವರು ಎದ್ದು ನಿಂತು, “ಬರ್ರಿ ಸಣ್ಣ ರಾಯರ, ಕುಂತ್ರಿ” ಎಂದರು. ಕುಳಿತುಕೊಳ್ಳಲು ಇದ್ದದ್ದು ಒಂದು ಮಗುಚಿದ ಡಬ್ಬ. ಅನಂತ ಅದರ ಮೇಲೆ ಕುಳಿತು, ದನಿ ತಗ್ಗಿಸಿ, ಶುಕ್ರವಾರದಿಂದ ಹಿಡಿದು ತಾಯಿಯ ಮಾತಿನವರೆಗೆ ಒಂದನ್ನೂ ಬಿಡದೆ ಹೇಳಿದ. ಹಳೆಯ ಬಟ್ಟಲನ್ನೂ ಹೊಸ ಎರಡನ್ನೂ ಅವರ ಅಂಗೈಗೆ ಹಾಕಿದ. ಫಕ್ರುಸಾಬರು ಉಬ್ಬಿದ್ದನ್ನು ಬೆರಳಲ್ಲಿ ಹಿಸುಕಿದರು, ಬಿಟ್ಟರು, ಮತ್ತೆ ಹಿಸುಕಿದರು. ಹಳೆಯದರ ಮಡಿಕೆಯ ಮೇಲೆ ಹೆಬ್ಬೆರಳ ಉಗುರು ಆಡಿಸಿದರು. ಅವರಿಗೆ ವಿವರಣೆ ಬೇಕಾಗಿರಲಿಲ್ಲ.

“ತುಳದೇನಿ ಅಂತ ಕಾಲು ಹೇಳ್ತಿತ್ರಿ” ಎಂದರು ಕೊನೆಗೆ. “ತುಳದಿಲ್ಲ ಅಂತ ಊರ ಹೇಳ್ತಿತ್ತು. ವಕೀಲರ ಮನಿಯವರ ಮಾತು ಸುಳ್ಳ ಹ್ಯಾಂಗಾದೀತು? ಒಂದ ವರ್ಷ, ಎರಡ ವರ್ಷ ಕಾಲನ್ನ ಕೇಳಿದೆ. ಆಮ್ಯಾಲ ಕಾಲಿಗೇ ನೀ ಸುಳ್ಳ ಅಂದೆ.”

ಮುಂದುವರಿಸಿದರು: “ರೋಜಾ ಬಿಟ್ಟಿಲ್ರಿ ನಾ. ಆದರ ರಂಜಾನದಾಗ ಸೈಕಲ್ ಹತ್ತೂದಿಲ್ಲ. ನೂಕ್ಕೋತ ಹೋಗ್ತೇನಿ. ಎದುರಿಗೆ ಸಣ್ಣ ಕೂಸುಗೋಳು ಬರ್ತಾವ, ಕಣ್ಣಿಗೆ ಕತ್ತಲಿ ಬಂದ್ರ?”

ಅನಂತ ತಲೆ ತಗ್ಗಿಸಿದ. ತಪ್ಪಾಯಿತೆನ್ನಲು ಬಾಯಿ ತೆರೆಯುವಷ್ಟರಲ್ಲಿ ಮುದುಕರು ಕೇಳಿದರು:

“ಇದನ್ನ ನನಗಷ್ಟ ಹೇಳಾಕ ಬಂದೀರೇನ್ರಿ?”

ಅವರು ದನಿ ಏರಿಸಿರಲಿಲ್ಲ. ನೋಟ ಚಹಾದಂಗಡಿಯ ಕಡೆಗಿತ್ತು. ಬಸ್ಸಿನಲ್ಲಿ ಬರುವಾಗ ಅನಂತ ಸಿದ್ಧಪಡಿಸಿಕೊಂಡಿದ್ದ ಮಾತೆಲ್ಲ ಇವರೊಬ್ಬರ ಮುಂದೆ ಆಡುವುದಕ್ಕೆ ಮಾತ್ರ. ಬೆಂಚಿನ ಮೇಲೆ ಎಂಟು ಹತ್ತು ಜನರಿದ್ದರು. ಇಬ್ಬರು ಅವನ ವಿದ್ಯಾರ್ಥಿಗಳ ತಂದೆಯರು. ನಾಳೆ ಸಂಜೆಯೊಳಗೆ ಮಾತು ಶಿಗ್ಗಾಂವದ ಕಾಲೇಜು ಮುಟ್ಟುತ್ತದೆ. ಸತ್ತ ತಂದೆಯ ಹೆಸರೂ ಅದರಲ್ಲಿ ಬರುತ್ತದೆ, ಬದುಕಿರುವ ತಾಯಿಯದೂ. ಡಬ್ಬದಿಂದ ಏಳಲು ಅವನಿಗೆ ಕಷ್ಟವಾಯಿತು. ಆದರೂ ಎದ್ದು, ಅಂಗಡಿಯ ಮುಂದೆ ಹೋಗಿ ನಿಂತು, ಪಾಠ ಮಾಡುವ ದನಿಯಲ್ಲೇ ಮೊದಲಿನಿಂದ ಎಲ್ಲವನ್ನೂ ಹೇಳಿದ. ಆ ದನಿ ಬಿಟ್ಟು ಬೇರೆ ದನಿ ಅವನಿಗೆ ಬರುತ್ತಿರಲಿಲ್ಲ.

ಒಲೆಯ ಮೇಲೆ ಹಾಲು ಉಕ್ಕಿದ್ದನ್ನು ವೀರವ್ವ ತಡವಾಗಿ ಇಳಿಸಿದಳು. ಶಂಕ್ರಪ್ಪನೇ ಮೊದಲು ಬಾಯಿ ಬಿಟ್ಟ.

“ನೀವು ಕಲತವ್ರು ರಾಯರ. ಇಷ್ಟ ವರ್ಷ ನಿಮಗ ತಿಳೀಲಿಲ್ಲೇನ್ರಿ?”

“ತಿಳೀಬೇಕಾಗಿತ್ತು” ಎಂದ ಅನಂತ.

“ನಾವೂ ಮತ್ತ ಸುಮ್ನ ನಕ್ಕೋತ ಬಂದಿವಿ.” ಶಂಕ್ರಪ್ಪ ಬೀಡಿ ಆರಿಸಿದ.

“ನಗೂದ ಬೇಕಂದ್ರ ಬ್ಯಾರೆ ಯಾರನ್ನರ ಹುಡುಕ್ಕೋ” ಎಂದಳು ವೀರವ್ವ, “ನಿನ್ನ ಮಾರಿ ಕನ್ನಡ್ಯಾಗರ ನೋಡ್ಕೋ.” ಅವಳು ಒಂದು ಕಪ್ ಚಹಾ ಒಯ್ದು ಫಕ್ರುಸಾಬರ ಮುಂದಿಟ್ಟಳು. ಅವರು ಗಾಲಿಯ ಕಡ್ಡಿಗಳನ್ನು ಬಿಗಿಯುತ್ತಿದ್ದರು; ತಲೆ ಎತ್ತಲಿಲ್ಲ. ಅನಂತ ಬಸ್ಸು ಹತ್ತುವಾಗಲೂ ಎತ್ತಿರಲಿಲ್ಲ. ಕ್ಷಮಿಸಿದೆನೆಂದೂ ಅನ್ನಲಿಲ್ಲ, ಕ್ಷಮಿಸಲಾರೆನೆಂದೂ ಅನ್ನಲಿಲ್ಲ.

ಅನಂತ ಹೊಸ ಬಟ್ಟಲು ಕೂರಿಸಿ, ಹೊಸ ಎಣ್ಣೆ ತುಂಬಿಸಿ, ಬ್ರೇಕು ಮುಗಿಸಿದ. ಆದರೆ ಕಾರನ್ನು ಕೊಟ್ಟಿಗೆಯಿಂದ ಹೊರಗೆ ತೆಗೆಯಲಿಲ್ಲ. ಗಾಳಿಗೆ ಹೋಗೋಣವೇ ಎಂದು ಶಾಮಲಾ ಕೇಳಲೂ ಇಲ್ಲ.

ಮೇ 27ರಂದು, ರಂಜಾನಿಗೆ ಇನ್ನು ನಾಲ್ಕೈದು ದಿನ ಇರುವಾಗ, ಫಕ್ರುಸಾಬರು ತಾವಾಗಿಯೇ ಬಂದರು. ಇಸ್ತ್ರಿ ಮಾಡಿದ ಅಂಗಿ. ಚಾಂದಬಿ ಪೆಟ್ಟಿಗೆಯಿಂದ ತೆಗೆದುಕೊಟ್ಟಳು ಎಂದರು. ಚಾಂದಬಿ ಅವರ ಹೆಂಡತಿ. ಗಾಡಿ ನೋಡಬೇಕೆಂದರು. ಗೋಣಿತಾಟು ಹಾಸಿಕೊಂಡು ಕಾರಿನ ಕೆಳಗೆ ಮಲಗಿ, ಒಂದೊಂದು ಕೊಳವೆಯ ಮೇಲೂ ಬೆರಳಾಡಿಸಿದರು. ಇಂಜಿನ್ನನ್ನಾಗಲಿ ಹೊಸ ಬಣ್ಣವನ್ನಾಗಲಿ ಹೊಗಳಲಿಲ್ಲ. ಹಿಂದಿನ ಎಡಗಾಲಿಯ ಬಳಿ ಕೊಳವೆಯ ಒಂದು ಸಂದು ಎಣ್ಣೆ ಬೆವರುತ್ತಿದೆ, ಬಿಗಿಮಾಡಿರಿ ಎಂದರು. ಅನಂತ ಬಿಗಿಮಾಡಿದ. ಭಾಗೀರಥಿಬಾಯಿ ಹಿತ್ತಲ ಬಾಗಿಲಿಗೆ ಬಂದು ನಿಂತು ಕೈ ಮುಗಿದರು. ಫಕ್ರುಸಾಬರೂ ಎಣ್ಣೆಯ ಕೈಗಳನ್ನೇ ಜೋಡಿಸಿದರು.

ಹಿರೇಬೆಂಡಿಗೇರಿಯ ಕಡೆಗೆ ಹೋಗುವ ದಾರಿಯಲ್ಲಿ ಜನರಿಲ್ಲದ ಒಂದು ಸಪಾಟು ತುಂಡಿದೆ. ಅಲ್ಲಿಯವರೆಗೆ ಅನಂತ, ಫಕ್ರುಸಾಬರನ್ನೂ ಅಳತೆಯ ಟೇಪು ಹಿಡಿದ ಶಾಮಲಾಳನ್ನೂ ಕೂರಿಸಿಕೊಂಡು, ಚಾವಣಿ ಇಳಿಸಿದ ಕಾರನ್ನು ನಡೆಯುವ ವೇಗದಲ್ಲಿ ತಂದ. ಬಂಕಾಪುರದ ಇಳುಕಲಿಗೆ ಹೋಗೋಣವೇ ಎಂದು ಮೊದಲು ಕೇಳಿದ್ದ. ಫಕ್ರುಸಾಬರು ಅದು ಬೇಡವೆಂದಿದ್ದರು. ಕಾಲನ್ನು ಪರೀಕ್ಷಿಸುವುದಕ್ಕೆ ಸಪಾಟು ನೆಲ ಸಾಕು.

ರಸ್ತೆಗೆ ಅಡ್ಡವಾಗಿ ಅನಂತ ಸುಣ್ಣದ ಗೆರೆ ಎಳೆದ. ಮುಂದಿನ ಗಾಲಿ ಆ ಗೆರೆ ಮುಟ್ಟಿದೊಡನೆ ತುಳಿಯುವುದೆಂದು ಮಾತಾಯಿತು. ಅವನು ಪಕ್ಕದ ಸೀಟಿಗೆ ಹತ್ತಲು ಹೋದ.

“ನೀವು ಹೊರಗ ನಿಂದರ್ರಿ” ಎಂದರು ಫಕ್ರುಸಾಬರು. “ಒಬ್ನ ಇದ್ದಾಗ ತುಳೀಬೇಕು.”

ಅವರು ಕಾರನ್ನು ಎರಡು ಫರ್ಲಾಂಗು ಹಿಂದಕ್ಕೆ ಒಯ್ದು ತಿರುಗಿಸಿಕೊಂಡು ಬಂದರು. ಇಪ್ಪತ್ತಾರು ವರ್ಷ ಮುಟ್ಟದ ಗಿಯರು ಒಮ್ಮೆಯೂ ಕಿರುಗುಟ್ಟಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಅವರು ಎದುರಿನ ರಸ್ತೆಯನ್ನಷ್ಟೇ ನೋಡುತ್ತಿದ್ದರು. ಗೆರೆಯ ಮೇಲೆ ಗಾಲಿ ಬಂತು. ಟಾಯರು ಒಮ್ಮೆ ಗೀಚಿದ ಸದ್ದಾಯಿತು. ಧೂಳು ಎದ್ದು ಮುಂದಕ್ಕೆ ಹೋಯಿತು, ಕಾರು ಹಿಂದೆ ಉಳಿಯಿತು.

ಅವರು ಇಳಿಯಲಿಲ್ಲ. ಪೆಡಲಿನ ಮೇಲಿಂದ ಕಾಲು ತೆಗೆಯಲೂ ಇಲ್ಲ. ಅನಂತ ಹತ್ತಿರ ಹೋದ. ಅವರು ಇಂಜಿನ್ನು ಆರಿಸಿ, ಮುಖ ತಿರುಗಿಸದೆ, “ಸ್ಪೀಡಿನ ಮುಳ್ಳು ಇಪ್ಪತ್ತ ಮೈಲಿ ಮ್ಯಾಲಿತ್ರಿ, ನಾನ ನೋಡೇನಿ. ಅಳೀರಿ” ಎಂದರು.

ಶಾಮಲಾ ಟೇಪಿನ ತುದಿಯನ್ನು ಸುಣ್ಣದ ಗೆರೆಗೆ ಒತ್ತಿ ಹಿಡಿದಳು. ಅನಂತ ಮಂಡಿಯೂರಿ, ಮುಂದಿನ ಗಾಲಿ ನೆಲ ಮುಟ್ಟಿದ ಜಾಗದವರೆಗೆ ಎಳೆದು, ಎರಡು ಸಲ ಓದಿ, ಕೇಳಿಸುವಂತೆ ಹೇಳಿದ: ತುಳಿದಲ್ಲಿಂದ ನಿಂತಲ್ಲಿಗೆ ಇಪ್ಪತ್ತಾರು ಅಡಿ ನಾಲ್ಕು ಇಂಚು.