ಬಲಗೈಯ ನೀರು

ಶಿವಕಾಂತಾ ತಂಬಿಗೆಗೆ ಕೈ ಚಾಚುತ್ತಿದ್ದಂತೆ ಫಕೀರಪ್ಪ ಅದನ್ನು ತನ್ನತ್ತ ಎಳೆದುಕೊಂಡ.

"ತಡಿ ಮಗಳ. ಅಪ್ಪನ ಬಾಯಿಗೆ ನೀರು ಬಲಗೈಲೆ ಬಿಡಬೇಕು. ನಿನ್ನ ಬಲಗೈ ನಡುಗ್ತದ. ನಮ್ಮ ಮನೋಹರ ಬಿಡಲಿ."

"ನಾನೇ ಬಿಡ್ತೀನಿ ದೊಡ್ಡಪ್ಪಾ."

ಫಕೀರಪ್ಪ ತೀರಿಹೋದ ಲಾಲಪ್ಪನ ಅಣ್ಣ. ಬೆಳಿಗ್ಗೆಯಷ್ಟೇ ಮಗ ಮನೋಹರನ ಜೊತೆ ಊರಿನಿಂದ ಬಂದು ಸ್ವಾರಗೇಟ್ ನಿಲ್ದಾಣದಲ್ಲಿ ಬಸ್ಸಿಳಿದಿದ್ದ. ಹೆಣ ಎತ್ತುವ ಹೊತ್ತು. ತಗಡಿನ ಮನೆಯ ಮುಂದೆ ಓಣಿಯೆಲ್ಲ ನೆರೆದಿತ್ತು.

"ಲಾಲಪ್ಪ ಇದ್ದಾಗ ಕೂಸಿನ ಚಲೋ ಕೈ ಕಟ್ಟಿ ಅಳಸಿದ," ಎಂದಳು ನೆರೆಮನೆಯ ವಿಶಾಲಮ್ಮ. "ಇವತ್ತರ ಅಕೀನ ಸುಮ್ನ ಬಿಡ್ರಿ."

ಗಂಡನ ತಲೆದೆಸೆಗೆ ಕುಳಿತಿದ್ದ ಯಮನವ್ವ ಮಗಳ ಕೈಯನ್ನೇ ನೋಡಿದಳು. ತಾನು ಕಟ್ಟಡದ ಕೆಲಸದಲ್ಲಿದ್ದಾಗ, ಸೀರೆಯ ಜೋಲಿಯಿಂದ ಬಿದ್ದು ತಲೆಗೆ ಪೆಟ್ಟಾಗಿ ಬಲಗೈ ಸೋತ ಕೂಸು ಅದು.

*

ಆ ದಿನಗಳಲ್ಲಿ ಲಾಲಪ್ಪ ಸಂಶೋಧನಾ ಸಂಸ್ಥೆಯೊಂದರಲ್ಲಿ ಇಲಿಗಳಿಗೆ ಕಾಳು ಹಾಕುತ್ತಿದ್ದ. ಎಳೆಯದರಲ್ಲೇ ಮಿದುಳಿಗೆ ಗಾಯವಾಗಿ ಒಂದು ಮುಂಗಾಲು ಸೋತ ಮರಿಗಳು. ನೋಡಲಾರದೆ ಅವನು ತನ್ನ ಪಾಲಿನ ಗೂಡುಗಳಲ್ಲಿ ಕಾಳನ್ನು ಗಟ್ಟಿ ಕಾಲಿನ ಕಡೆಗೇ ಸರಿಸಿಡುತ್ತಿದ್ದ. ತಿಂಗಳೊಪ್ಪತ್ತಿನಲ್ಲಿ, ಸೋತ ಕಾಲಿನ ಕಡೆಗಷ್ಟೇ ಕಾಳು ಸಿಗುತ್ತಿದ್ದ ಪಕ್ಕದ ಗೂಡಿನ ಮರಿಗಳು ಸೋತ ಕಾಲಿನಿಂದಲೇ ಕಾಳು ಹಿಡಿಯತೊಡಗಿದವು. ಅವನು ಕನಿಕರಿಸಿದ ಮರಿಗಳ ಕಾಲು ಮಾತ್ರ ಸೋತಂತೆಯೇ ಉಳಿಯಿತು.

ಅಂದು ಮನೆಗೆ ಬಂದವನೇ ಮೂರು ವರ್ಷದ ಮಗಳ ಎಡಗೈಗೆ ಟವೆಲು ಸುತ್ತಿದ.

"ಮೈಮ್ಯಾಲೆ ಖಬರ್ ಅದ ಏನು ನಿಮಗ?" ಯಮನವ್ವ ಚೀರಿದಳು.

"ತಲ್ಯಾಗ ಒಂದು ಹಾದಿ ಮುರದದ. ಎಳೀದಿದ್ದಾಗ ಬ್ಯಾರೆ ಹಾದಿ ಬೀಳ್ತದಂತ, ನಮ್ಮ ಸಂಸ್ಥೆಯ ಸ್ನೇಹಲ್ ಮ್ಯಾಡಮ್ ಹೇಳ್ಯಾರ. ಆದ್ರ ನಡದ್ರಷ್ಟೇ ಬೀಳ್ತದ."

ದಿನಾ ಒಂದು ತಾಸು. ಮಗಳು ರೊಟ್ಟಿಗೆ ತಡಕಾಡಿ ಅಳುವಾಗ ಅವನು ಎತ್ತಿಕೊಡಲು ಹೋಗದಂತೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂಡುತ್ತಿದ್ದ. ಕಲ್ಲೆದೆಯವನೆಂದು ಯಮನವ್ವ ಎಷ್ಟೋ ವರ್ಷ ಬೈದಿದ್ದಳು.

*

"ಭಾವ, ತಂಬಿಗಿ ಅಕಿಗೇ ಕೊಡ್ರಿ," ಎಂದಳು ಯಮನವ್ವ.

"ಇಷ್ಟು ಮಂದಿ ಮುಂದ ಚೆಲ್ಲಿದ್ರ?"

"ಚೆಲ್ಲಲಿ. ಕೊಡದಾಗ ಇನ್ನೂ ನೀರದಾವ್ರಿ."

ಶಿವಕಾಂತಾ ಬಲ ಅಂಗೈಯಲ್ಲಿ ನೀರು ತುಂಬಿಕೊಂಡಳು. ಕೈ ನಡುಗಿತು. ಮೊದಲ ಹನಿಗಳು ಲಾಲಪ್ಪನ ಗದ್ದದ ಮೇಲೆ ಬಿದ್ದವು. ಮನೋಹರ ಅವಳ ಮೊಣಕೈಗೆ ಆಸರೆಯಾಗಲು ಬಾಗಿದ.

"ಹಿಡೀಬ್ಯಾಡಪಾ," ಎಂದಳು ಯಮನವ್ವ.

ಕೈ ಅಳುಕುತ್ತ, ಮತ್ತೆ ಮುಂದೆ ಸರಿಯುತ್ತ, ತುಟಿಯ ಮೇಲೆ ಬಂದು ನಿಂತಿತು. ನೀರು ಎಳೆಯಾಗಿ ಇಳಿಯಿತು.

ಯಮನವ್ವನ ಎರಡೂ ಕೈ ತೊಡೆಯ ಕೆಳಗಿದ್ದವು.