ಅಗಲದ ಫಿಲ್ಟರ್

ಮಗಳು ಸಂಘದ ಕೋಣೆಯ ಬೀಗದ ಕೈ ಇಸಿದುಕೊಂಡದ್ದು ರಿಪೇರಿ ಮಾಡುವುದಕ್ಕಲ್ಲ, ಸೇಡು ತೀರಿಸಿಕೊಳ್ಳುವುದಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆಮೇಲೆ ಅವಳು ಮಾಡಿದ ಒಂದೊಂದು ಕೆಲಸವೂ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಸಂಘದವರು ಅವಳನ್ನು ಹೊಗಳಿದ್ದೇ ಹೊಗಳಿದ್ದು.

ಸಂಘ ಎಂದರೆ ಹವ್ಯಾಸಿ ರೇಡಿಯೋದವರ ಸಂಘ. ಎಲ್ಲ ಸೇರಿ ನಲವತ್ತು ಜನ. ಊರ ಹೊರಗಿನ ಗುಡ್ಡದಲ್ಲಿ ನೀರಿನ ಟ್ಯಾಂಕಿನ ಬುಡಕ್ಕೊಂದು ಕೋಣೆ, ಆ ಕೋಣೆಯಲ್ಲಿ ಅವರ ರಿಪೀಟರ್. ಅಂಗೈಯಗಲದ ರೇಡಿಯೋ ಹಿಡಿದು ಯಾರಾದರೂ ಮಾತಾಡಿದರೆ ಈ ಯಂತ್ರ ಕೇಳಿಸಿಕೊಂಡು, ಆ ಕ್ಷಣದಲ್ಲೇ ಅದೇ ಮಾತನ್ನು ಸುತ್ತಲಿನ ಊರುಗಳಿಗೆಲ್ಲ ಜೋರಾಗಿ ಸಾರುತ್ತದೆ. ದಿನಾ ಸಂಜೆ ಆರಕ್ಕೆ ಎಲ್ಲರೂ ಅದರ ಮೂಲಕ ಹಾಜರಿ ಹಾಕಿ ಹರಟುತ್ತಾರೆ. ಹಳೆಯ ಬಿಡಿಭಾಗಗಳನ್ನು ಕೂಡಿಹಾಕಿ ಆ ಯಂತ್ರವನ್ನು ಕಟ್ಟಿದವನು ಅವಳ ಅಪ್ಪ, ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿದ್ದವನು. ಹತ್ತೊಂಬತ್ತು ವರ್ಷ ಅದನ್ನು ಕೈಕೂಸಿನ ಹಾಗೆ ನೋಡಿಕೊಂಡವನೂ ಅವನೇ.

ಅವನ ಕೈಯಿಂದ ಅದನ್ನು ಕಿತ್ತುಕೊಂಡವರು ಅಧ್ಯಕ್ಷರು. ಪೀಠೋಪಕರಣದ ಅಂಗಡಿಯವರು, ಹದಿಮೂರು ವರ್ಷದಿಂದ ಕುರ್ಚಿ ಬಿಡದವರು, ಗಂಟಲು ಮಾತ್ರ ದೇವರು ಧಾರಾಳವಾಗಿ ಕೊಟ್ಟಿದ್ದು. ಬೆನ್ನ ಹಿಂದೆ ಎಲ್ಲರೂ ಅವರನ್ನು ಕಹಳೆ ಎನ್ನುತ್ತಿದ್ದರು. ಎರಡು ವರ್ಷದಿಂದ ರಿಪೀಟರಿನಲ್ಲಿ ಕರಕರ ಸೇರಿಕೊಂಡಿತ್ತು. ದೂರದವರು ಮಾತಾಡುವಾಗ ನಡುವೆ ಯಾರದೋ ಹರಕು ಮುರುಕು ಮಾತು ತೂರಿಕೊಂಡು ಬರುತ್ತಿತ್ತು. ವಾರ್ಷಿಕ ಸಭೆಯಲ್ಲಿ ಕಹಳೆ ಎದ್ದು ನಿಂತು, ಕೆಟ್ಟಿರುವುದು ಯಂತ್ರವಲ್ಲ, ಅದನ್ನು ನೋಡಿಕೊಳ್ಳುವವರ ಕಿವಿ, ಕೈಯೂ ನಡುಗುತ್ತದೆ ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅಪ್ಪನ ಕುರ್ಚಿಯ ಹಿಂದೆ ಹೋಗಿ, ಬಗ್ಗಿ ಏನೋ ಪಿಸುಗುಟ್ಟಿ, ಕೇಳಿಸಿತೇ ಎಂದು ಎಲ್ಲರೆದುರು ಜೋರಾಗಿ ಕೇಳಿದರು. ಅಪ್ಪ ಉತ್ತರ ಕೊಡಲಿಲ್ಲ. ಇನ್ನೊಂದು ಸಲ ಪಿಸುಗುಟ್ಟಿದರು. ಆಗಲೂ ಕೊಡಲಿಲ್ಲ. ಜನ ನಕ್ಕರು. ಅಪ್ಪ ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟು ಮನೆಗೆ ಬಂದ.

ಅವರು ಪಿಸುಗುಟ್ಟಿದ್ದೇನು ಎಂದು ಮಗಳು ಕೇಳಿದಳು.

“ಮೊದಲನೇ ಸಲ ಮುದುಕ ಅಂದ್ರು. ಎರಡನೇ ಸಲ ಮನೆಗೆ ಹೋಗು ಅಂದ್ರು. ಚೆನ್ನಾಗೇ ಕೇಳಿಸ್ತು ಮಗಳೇ. ಅದಕ್ಕೇನಂತ ಉತ್ತರ ಕೊಡ್ಲಿ?”

ಅವತ್ತಿನಿಂದ ಅಪ್ಪನ ರೇಡಿಯೋದ ಮೇಲೆ ಒಂದು ಟವೆಲ್ ಬಿತ್ತು. ಸಂಜೆ ಆರಾಗುತ್ತಲೇ ಅಂಗಳಕ್ಕೆ ಹೋಗಿ ಸೈಕಲ್ ಒರೆಸುತ್ತಿದ್ದ. ಮೊದಲೇ ಫಳಫಳ ಹೊಳೆಯುವ ಸೈಕಲ್ಲು, ಒರೆಸಿ ಒರೆಸಿ ಅದರ ಬಣ್ಣವೇ ಹೋಗುವ ಹಾಗಾಯಿತು. ಹಾಜರಿಯಲ್ಲಿ ಅಪ್ಪನ ದನಿ ಇಲ್ಲದ ಆ ಸಂಜೆಗಳನ್ನು ಮಗಳು ಒಂದೊಂದಾಗಿ ಎಣಿಸಿದಳು.

ಅವಳ ಕೆಲಸ ಆಸ್ಪತ್ರೆಯ ಯಂತ್ರಗಳನ್ನು ಅಳತೆಗೆ ತರುವುದು. ರಕ್ತದೊತ್ತಡ ತೋರಿಸುವ ಮುಳ್ಳು ಒಂದು ಗೆರೆ ಆಚೀಚೆಯಾದರೂ ಒಪ್ಪದವಳು. ಅಪ್ಪ ಬೀಗದ ಕೈ ಬಿಟ್ಟ ಮೇಲೆ ರಿಪೀಟರಿನ ಕರಕರ ಒಂದು ಚೂರೂ ಇಳಿಯಲಿಲ್ಲ, ಕೈಹಾಕಲು ಯಾರಿಗೂ ಧೈರ್ಯವಿಲ್ಲ. ಮೂರು ತಿಂಗಳಾದ ಮೇಲೆ ಸಂಘದ ಕಾರ್ಯದರ್ಶಿ ತಲೆ ಕೆರೆದುಕೊಳ್ಳುತ್ತಾ ಅವಳ ಹತ್ತಿರ ಬಂದರು. ಔಷಧಿ ಅಂಗಡಿ ಇಟ್ಟಿದ್ದ ಸಾಧು ಪ್ರಾಣಿ. ಮಾಡುತ್ತೇನೆ, ಆದರೆ ಎಲ್ಲವನ್ನೂ ನಿಯಮದ ಪುಸ್ತಕದಲ್ಲಿರುವ ಅಳತೆಗೇ ತರುತ್ತೇನೆ, ನಡುವೆ ಯಾರೂ ಮೂಗು ತೂರಿಸಬಾರದು, ಹಾಗೆಂದು ಬರೆದುಕೊಡಿ ಎಂದಳು. ತಪ್ಪು ಅಪ್ಪನದಲ್ಲವೆಂದು ಅಳೆದು ತೋರಿಸಿ ಕಹಳೆಯ ಬಾಯಿ ಮುಚ್ಚಿಸುವುದು ಅವಳ ಲೆಕ್ಕ. ಕಾಗದಕ್ಕೆ ಸಹಿ ಹಾಕಿದವರು ಸ್ವತಃ ಅಧ್ಯಕ್ಷರು. ಕಿವಿ ನೆಟ್ಟಗಿರುವವರು ಮಾಡಲಿ ಬಿಡಿ ಎಂದು ನಕ್ಕರಂತೆ. ಕಾರ್ಯದರ್ಶಿ ಪಾಪ, ಅದನ್ನೂ ಬಂದು ಹೇಳಿದರು.

ಭಾನುವಾರ ಬೆಳಗ್ಗೆ ಅಳತೆಯ ಪೆಟ್ಟಿಗೆಗಳನ್ನು ಹೊತ್ತುಕೊಂಡು ಗುಡ್ಡ ಹತ್ತಿದಳು. ಬಾಗಿಲು ತೆರೆದರೆ ಬಿಸಿ ತಂತಿಯ ವಾಸನೆ, ಗೋಡೆಯ ಮೂಲೆಯಲ್ಲಿ ಹಲ್ಲಿಯ ಮೊಟ್ಟೆ, ಸಾಲಾಗಿ ನಿಂತ ಆರು ತಾಮ್ರದ ಕೊಳವೆಗಳು. ರಿಪೀಟರ್ ಕೇಳುವುದೂ ಮಾತಾಡುವುದೂ ಒಟ್ಟೊಟ್ಟಿಗೇ. ತನ್ನ ಕೂಗು ತನ್ನದೇ ಕಿವಿಗೆ ಬಿದ್ದು ಕಿವುಡಾಗದ ಹಾಗೆ ಈ ಕೊಳವೆಗಳು ನಡುವೆ ನಿಂತು ತಡೆಯುತ್ತವೆ. ಅವನ್ನು ಅಪ್ಪ ಮನೆಯ ಹಿತ್ತಲಲ್ಲೇ ಬೆಸುಗೆ ಹಾಕಿದ್ದ. ಒಂದೊಂದನ್ನೇ ಅಳೆದಳು. ಕೂದಲೆಳೆಯಷ್ಟೂ ಸರಿದಿರಲಿಲ್ಲ. ಕೇಳುವ ಶಕ್ತಿ, ಸಾರುವ ಶಕ್ತಿ, ಆಂಟೆನಾ, ಎಲ್ಲವೂ ಸರಿ. ಕೈ ನಡುಗುತ್ತದೆ ಎಂದಿದ್ದರಲ್ಲ, ಆ ಕೈ ಇಟ್ಟ ಜಾಗದಲ್ಲೇ ಎಲ್ಲ ಕೂತಿತ್ತು.

ರಿಸೀವರಿನ ಮುಚ್ಚಳ ತೆಗೆದಾಗ ತಪ್ಪು ಕಂಡಿತು. ಅಲ್ಲಿರಬೇಕಾದ ಫಿಲ್ಟರ್ ಒಂದು, ಇರುವುದು ಇನ್ನೊಂದು. ಫಿಲ್ಟರ್ ಎಂದರೆ ಬಾಗಿಲು ಇದ್ದ ಹಾಗೆ, ತನ್ನ ಚಾನೆಲ್ಲಿನ ಮಾತನ್ನಷ್ಟೇ ಒಳಗೆ ಬಿಡಬೇಕು. ಅಪ್ಪ ಹಾಕಿದ್ದು ಬೇಕಾದ್ದಕ್ಕಿಂತ ಅಗಲದ್ದು. ಸರಿಯಾದದ್ದು ಪೊಟ್ಟಣ ಒಡೆಯದೆ ಮುಚ್ಚಳದ ಒಳಬದಿಗೆ ಅಂಟಿಕೊಂಡಿತ್ತು. ಹಾಗಾದರೆ ಕಹಳೆ ಹೇಳಿದ್ದೇ ನಿಜವೇ?

ಗೋಡೆಯ ಮೊಳೆಗೆ ದಾರದಲ್ಲಿ ತೂಗುಹಾಕಿದ್ದ ನೋಟ್‌ಬುಕ್ಕಿನ ಹಾಳೆಗಳನ್ನು ಹಿಂದಕ್ಕೆ ಹಿಂದಕ್ಕೆ ತಿರುವಿದಳು. ಹನ್ನೊಂದು ವರ್ಷದ ಕೆಳಗೆ, ಅಪ್ಪನ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: “ಅಧ್ಯಕ್ಷರ ರೇಡಿಯೋ ಸೆಟ್ಟಿನಲ್ಲಿ ಧ್ವನಿ ಮಿತಿ ಮೀರಿದೆ. ಜೋರಾಗಿ ಕೇಳಲೆಂದು ಒಳಗಿನ ಸ್ಕ್ರೂ ತಾವೇ ತಿರುಗಿಸಿದ್ದಾರೆ. ಸರಿಯಾದ ಫಿಲ್ಟರಿನಲ್ಲಿ ಅವರ ಮಾತು ತುಂಡಾಗುತ್ತದೆ. ಹೇಳಿದೆ, ಒಪ್ಪಲಿಲ್ಲ. ಹೆಂಡತಿ ತೀರಿಕೊಂಡು ಹದಿನೈದು ದಿನ. ಸಂಜೆ ಮಾತಾಡಲು ಬೇರೆ ಯಾರೂ ಇಲ್ಲ. ಅಗಲದ ಫಿಲ್ಟರ್ ಹಾಕಿದ್ದೇನೆ.”

ಎರಡು ವರ್ಷದ ಹಿಂದಿನ ಹಾಳೆಯಲ್ಲಿ ಇನ್ನೊಂದು ಬರಹ: “ಪಕ್ಕದ ಚಾನೆಲ್ಲಿನಲ್ಲಿ ಬೇರೊಂದು ಊರಿನವರು ಹೊಸ ರಿಪೀಟರ್ ಹಾಕಿದ್ದಾರೆ. ಅವರ ಸದ್ದು ನಮ್ಮೊಳಗೆ ಬರುತ್ತಿದೆ. ಅಗಲದ್ದು ತೆಗೆದರೆ ನಿಲ್ಲುತ್ತದೆ. ತೆಗೆದರೆ ಅಧ್ಯಕ್ಷರು ಯಾರಿಗೂ ಕೇಳಿಸುವುದಿಲ್ಲ. ಯೋಚಿಸಬೇಕು.”

ಯೋಚಿಸುತ್ತಲೇ ಎರಡು ವರ್ಷ ಕಳೆದಿದ್ದ ಪುಣ್ಯಾತ್ಮ. ಯಾರಿಗಾಗಿ ಬಾಗಿಲು ಅಗಲ ಮಾಡಿದನೋ ಅವರೇ ಬಂದು ಕಿವುಡ ಎಂದರು, ಆಗಲೂ ಬಾಯಿ ಬಿಡಲಿಲ್ಲ. ಅವಳು ನೆಲದ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತಳು. ಅಪ್ಪನ ಮೇಲೂ ಸಿಟ್ಟು ಬಂತು, ಸುಳ್ಳೇಕೆ. ಆಮೇಲೆ ಕಣ್ಣೊರೆಸಿಕೊಂಡು, ಬೆಸುಗೆ ಕಡ್ಡಿ ಕಾಯಿಸಿ, ಅಗಲದ್ದನ್ನು ಕಿತ್ತು ಸರಿಯಾದದ್ದನ್ನು ಕೂರಿಸಿದಳು. ಪುಸ್ತಕದಲ್ಲಿರುವ ಅಳತೆಗೇ. ಸಹಿ ಬೇರೆ ಹಾಕಿಕೊಟ್ಟಿದ್ದರಲ್ಲ.

ಅಂದು ಸಂಜೆ ಆರಕ್ಕೆ ಸಂಘ ಬೆರಗಾಯಿತು. ಕರಕರ ಮಾಯ. ಭೂಗೋಳದ ಟೀಚರಮ್ಮ ಎಲ್ಲರಿಗಿಂತ ದೂರದವರು, ಅವರ ದನಿ ಯಾವತ್ತೂ ಅರ್ಧವೇ ಕೇಳುತ್ತಿದ್ದದ್ದು. ಇವತ್ತು ಅವರು ಉತ್ತರ ಪತ್ರಿಕೆ ಮಗುಚುವ ಸದ್ದೂ ಕೇಳಿಸಿತು. ಸರದಿ ಅಧ್ಯಕ್ಷರಿಗೆ ಬಂತು. “ಎಲ್ಲರಿಗೂ ನಮ” ಎಂದದ್ದೇ ಕಡಿದುಹೋಯಿತು. “ನಾನು ಅಧ್ಯ” ಎಂದರು, ಮತ್ತೆ ಕಡಿಯಿತು. ಕಹಳೆ ಸ್ವರ ಏರಿಸಿದರು. ಏರಿಸಿದಷ್ಟೂ ಚೂರು ಚೂರಾಯಿತು. ಮೆಲ್ಲಗೆ ಮಾತಾಡಿದ್ದರೆ ಪೂರ್ತಿ ಕೇಳಿಸುತ್ತಿತ್ತು, ಅದು ಅವರ ಜಾಯಮಾನದಲ್ಲೇ ಇರಲಿಲ್ಲ. ಮಗಳು ಅಡುಗೆಮನೆಯಲ್ಲಿ ಪುಟ್ಟ ರೇಡಿಯೋ ಕಿವಿಗೆ ಒತ್ತಿಕೊಂಡು ಕೇಳಿದಳು. ಹಾಲು ಕುಡಿದಷ್ಟು ಸಂತೋಷವಾಯಿತು.

ಆ ಸಂತೋಷ ನಾಲ್ಕು ವಾರ ಬಾಳಿತು. ಅಧ್ಯಕ್ಷರು ಮೈಕು ಬದಲಾಯಿಸಿದರು. ಆಂಟೆನಾ ಬದಲಾಯಿಸಿದರು. ಅಂಗಡಿಯ ತಾರಸಿಯ ಮೇಲೆ ಎರಡಾಳೆತ್ತರದ ಕಂಬ ನಿಲ್ಲಿಸಿದರು. ಊರವರು ಬಾವುಟ ಯಾವಾಗ ಹಾರಿಸುತ್ತೀರಿ ಎಂದು ಕೇಳಿದರಂತೆ. ಸಂಘದವರು ಅವರ ಅರ್ಧ ವಾಕ್ಯಗಳನ್ನು ಪೂರ್ತಿ ಮಾಡುವ ಆಟ ಶುರು ಮಾಡಿದರು. ತುಂಡಾದ ಮಾತುಗಳನ್ನೆಲ್ಲ ಮಗಳು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಳು, ಬೇಕೆನಿಸಿದಾಗ ತೆಗೆದು ಓದುತ್ತಿದ್ದಳು. ಆದರೆ ಅಂಗಳದಲ್ಲಿ ಅಪ್ಪ ಸೈಕಲ್ ಒರೆಸುವುದು ನಿಂತಿರಲಿಲ್ಲ. ಟವೆಲ್ ಹಾಗೇ ಇತ್ತು. ಕಹಳೆಯ ಬಾಯಿ ಕಟ್ಟಿದರೆ ಅಪ್ಪ ಬಾಯಿ ಬಿಡುತ್ತಾನೆ ಎಂದುಕೊಂಡಿದ್ದಳು. ಹಾಗಾಗಲಿಲ್ಲ. ಸೇಡು ಅರ್ಧವೇ ತೀರಿತ್ತು.

ಐದನೇ ವಾರ ಅಧ್ಯಕ್ಷರು ಸೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಆಸ್ಪತ್ರೆಯ ಅವಳ ಕೋಣೆಗೇ ಬಂದರು. ನೀನು ಯಂತ್ರ ಹಾಳುಮಾಡಿದ್ದೀಯ ಎಂದು ರೇಗಿದರು. ಅವಳು ಎದುರಾಡದೆ ಸೆಟ್ಟನ್ನು ಮೀಟರಿಗೆ ಜೋಡಿಸಿ, ಒಂದು ಹಲೋ ಅನ್ನಿ ಎಂದಳು. ಮೀಟರಿನಲ್ಲಿ ಧ್ವನಿಯ ಮಿತಿ ಐದು. ಅವರು ಹಲೋ ಅಂದರು, ಮುಳ್ಳು ಎಂಟನ್ನು ದಾಟಿ ನಿಂತಿತು. ಆಮೇಲೆ ಗುಡ್ಡದಿಂದ ತಂದಿಟ್ಟುಕೊಂಡಿದ್ದ ಅಪ್ಪನ ನೋಟ್‌ಬುಕ್ಕನ್ನು ಅವರ ಮುಂದಿಟ್ಟು ಆ ಎರಡು ಹಾಳೆಗಳನ್ನು ತೆರೆದಳು.

ಅವರು ಓದಿದರು. ಹದಿನೈದು ದಿನ ಎಂಬಲ್ಲಿ ಬೆರಳಿಟ್ಟರು. ಗೊತ್ತಿರಲಿಲ್ಲ ಎಂದರು. ಅವಳಿಗೆ ಕನಿಕರ ಬರಬೇಕಿತ್ತೇನೋ, ಬರಲಿಲ್ಲ. ಹಾಗಾದರೆ ಆ ಸ್ಕ್ರೂ ನೀನೇ ತಿರುಗಿಸಿಬಿಡಮ್ಮ ಎಂದು ಅಧ್ಯಕ್ಷರು ತಗ್ಗಿದ ದನಿಯಲ್ಲಿ ಕೇಳಿದರು.

“ನಾನು ತಿರುಗಿಸಲ್ಲ. ತಿರುಗಿಸೋರು ಮನೇಲಿದ್ದಾರೆ. ಸಂಜೆ ಆರಕ್ಕೆ ಸರಿಯಾಗಿ ಬನ್ನಿ.”

ಬಂದರು. ಆರಕ್ಕೆ ಐದು ನಿಮಿಷವಿತ್ತು. ಅಪ್ಪ ಸೈಕಲ್ ಬಿಟ್ಟು ಒಳಗೆ ಬಂದು ಕೈಯೊರೆಸಿಕೊಂಡು ಎದುರು ಕೂತ. ಮಗಳಿಗೆ ಒಳಗೊಳಗೇ ಭಯ. ಅಪ್ಪ ಎಂದರೆ ಬೆಣ್ಣೆ. ಬಂದವರನ್ನು ಕೂರಿಸಿ, ಚಹಾ ಕೊಟ್ಟು, ಸ್ಕ್ರೂ ತಿರುಗಿಸಿ ಕಳಿಸಿಬಿಡುತ್ತಾನೆ, ತನ್ನ ಐದು ವಾರವೆಲ್ಲ ನೀರುಪಾಲಾಗುತ್ತದೆ ಎಂದುಕೊಂಡಳು. ಅಧ್ಯಕ್ಷರು ನೆಲ ನೋಡುತ್ತಾ ತಪ್ಪಾಯಿತು ಎಂದರು. ಆ ಗಂಟಲಿನಿಂದ ಅಷ್ಟು ಮೆತ್ತಗಿನ ಮಾತು ಯಾರೂ ಕೇಳಿರಲಿಲ್ಲ.

ಅಪ್ಪ ಅಂಗೈಯನ್ನು ಕಿವಿಗೆ ಹಿಡಿದ. “ಏನಂದ್ರಿ?”

ಅವರು ಇನ್ನೊಮ್ಮೆ ಹೇಳಿದರು.

“ಕೇಳಿಸ್ಲಿಲ್ಲ.”

ಮಗಳು ತಿರುಗಿ ನೋಡಿದಳು. ಬಚ್ಚಲಿನ ನಲ್ಲಿ ತೊಟ್ಟಿಕ್ಕಿದರೆ ಅಂಗಳದಿಂದಲೇ ಕೂಗಿ ಹೇಳುವ ಮನುಷ್ಯ. ಅಪ್ಪ ನಿಧಾನವಾಗಿ ಎದ್ದು ಟವೆಲ್ ತೆಗೆದು ನಾಲ್ಕಾಗಿ ಮಡಚಿಟ್ಟ. ರೇಡಿಯೋ ಹಾಕಿದ. ಕಾರ್ಯದರ್ಶಿ ಹಾಜರಿ ಶುರು ಮಾಡಿದ್ದರು. ಅಪ್ಪ ಮೈಕನ್ನು ಅಧ್ಯಕ್ಷರ ಕೈಗಿಟ್ಟು, ಮಗಳ ಪುಟ್ಟ ರೇಡಿಯೋವನ್ನು ತಾನು ಎತ್ತಿಕೊಂಡ.

“ನನ್ನ ಕಿವಿ ಹೋಗಿದೆ ಅಂತ ನಲವತ್ತು ಜನರ ಮುಂದೆ ನೀವೇ ಹೇಳಿದೀರಲ್ಲ. ಈಗ ಇದರಲ್ಲಿ ಬಂದದ್ದಷ್ಟೇ ನನಗೆ ಕೇಳೋದು. ನಾನು ಹೊರಗೆ ಕೂತಿರ್ತೀನಿ, ನೀವು ಆ ಮೈಕಲ್ಲಿ ಹೇಳಿ. ನನ್ನ ಸೆಟ್ಟು ಅಳತೇಲಿದೆ, ನಿಮ್ಮ ಮಾತು ತುಂಡಾಗಲ್ಲ.” ಬಾಗಿಲ ತನಕ ಹೋದವನು ನಿಂತ. “ಅವತ್ತು ನನ್ನ ಹಿಂದೆ ನಿಂತು ಎರಡು ಸಲ ಏನೋ ಅಂದ್ರಲ್ಲ, ಅದನ್ನೂ ಹೇಳಿ. ನನಗೆ ಕೇಳಿಸಿತ್ತು. ಪಾಪ, ಮಿಕ್ಕೋರಿಗೆ ಕೇಳಿಸಿರಲಿಲ್ಲ.”

ಅಧ್ಯಕ್ಷರು ಬಾಗಿಲ ಕಡೆ ನೋಡಿದರು. ಎದ್ದು ಹೋಗಬಹುದಿತ್ತು, ಬಾಗಿಲು ತೆರೆದೇ ಇತ್ತು. ಹೋದರೆ ಅಂಗಡಿ ಮುಚ್ಚಿದ ಮೇಲಿನ ಖಾಲಿ ಮನೆ, ಯಾರಿಗೂ ಕೇಳಿಸದ ಸೆಟ್ಟು. ಮಗಳ ಕಡೆ ನೋಡಿದರು. ಅವಳು ಮೈಕಿನ ಗುಂಡಿಯನ್ನು ಬೆರಳಿನಿಂದ ತೋರಿಸಿದಳು, ಅಷ್ಟೇ.

ಅವರು ಗುಂಡಿ ಒತ್ತಿ ತಮ್ಮ ಗುರುತಿನ ಕಾಲ್‌ಸೈನ್ ಹೇಳಿದರು. ಐದು ವಾರದಲ್ಲಿ ಮೊದಲ ಸಲ ಅದು ಇಡಿಯಾಗಿ ಹೊರಟಿತು.

“ನಾನು ಅಧ್ಯಕ್ಷ. ಕೆಟ್ಟಿದ್ದು ರಿಪೀಟರ್ ಅಲ್ಲ, ಅದನ್ನ ಕಟ್ಟಿದೋರ ಕಿವೀನೂ ಅಲ್ಲ. ನನ್ನ ಸೆಟ್ಟು. ಸಭೇಲಿ ಅವರ ಹಿಂದೆ ನಿಂತು ಮುದುಕ ಅಂದೆ. ಆಮೇಲೆ ಮನೆಗೆ ಹೋಗು ಅಂದೆ. ತಪ್ಪಾಯ್ತು.”

ಗುಂಡಿ ಬಿಟ್ಟರು. ಅಂಗಳದಲ್ಲಿ ಸೈಕಲ್ಲಿನ ಪಕ್ಕ ಕೂತ ಅಪ್ಪ ಅವಸರ ಮಾಡಲಿಲ್ಲ. ನಲವತ್ತು ಮನೆಗಳಲ್ಲಿ ಆ ಮಾತು ಪೂರ್ತಿ ಇಳಿಯುವವರೆಗೆ ಕಾದ. ಆಮೇಲೆ ಪುಟ್ಟ ರೇಡಿಯೋವನ್ನು ಬಾಯಿಯ ಹತ್ತಿರ ತಂದ. ಸಭೆಯ ದಿನದಿಂದ ಕೇಳದಿದ್ದ ಆ ದನಿ ಕೋಣೆಯ ಸ್ಪೀಕರಿನಲ್ಲಿ ಬಂತು.

“ಈಗ ಕೇಳಿಸ್ತು.”

ಒಳಗೆ ಬಂದು ಅಧ್ಯಕ್ಷರ ಸೆಟ್ಟನ್ನು ಮಗುಚಿ ಹಾಕಿ, ಸಣ್ಣ ಸ್ಕ್ರೂಡ್ರೈವರ್ ಕೊಡು ಎಂದು ಮಗಳಿಗೆ ಕೈ ಚಾಚಿದ. ಆ ಕೈ ನಡುಗುತ್ತಿರಲಿಲ್ಲ.