ತಂಗಿ ಹೇಳುತ್ತಿದ್ದ ಘೋರ ಕಥೆಗಳು

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವಳು ಅದು ನಡೆದ ಮಾಂಸದಂಗಡಿಯ ಎದುರು ಮೊಟ್ಟೆ ಮಾರುವ ಮುದುಕಿ. ಆಮೇಲೆ ಪಕ್ಕದ ದರ್ಜಿಯೂ ಹೇಳಿದ. ಒಂದು ಕಡೆ ಬಿಟ್ಟರೆ ಇಬ್ಬರ ಮಾತೂ ತಾಳೆಯಾಗುತ್ತದೆ.

ಅಂಗಡಿಯವನಿಗೆ ಘೋರ ಕಥೆಗಳ ಹುಚ್ಚು. ಓದುವ ತಾಳ್ಮೆಯಿಲ್ಲ, ಓದುವವಳು ಅವನ ತಂಗಿ. ಅವನು ಮೂಳೆ ಕಡಿಯುವಾಗ, ವಾರಕ್ಕೊಮ್ಮೆ ಗಂಡನ ಮನೆಯಿಂದ ಬಂದು ಅವಳು ಪ್ರೇತಗಳ ಕಥೆ ಹೇಳುವಳು, ಸ್ಮಶಾನದ ಪದ್ಯಗಳನ್ನು ಒಪ್ಪಿಸುವಳು. ದಿನವಿಡೀ ರಕ್ತದಲ್ಲಿ ಕೈಯಾಡಿಸುವವನಿಗೆ ಪುಸ್ತಕದ ರಕ್ತವೇಕೆಂದು ಗಿರಾಕಿಗಳು ಕೆಣಕಿದರೆ ಅವನ ಉತ್ತರ ಸಿದ್ಧವಿತ್ತು:

“ಇಲ್ಲಿ ಬರೀ ಮಾಂಸ ಕಣ್ರೀ. ಅಲ್ಲಿ, ಸಾಯೋಕೆ ಮುಂಚೆ ಆ ಜೀವಕ್ಕೆ ಏನನ್ನಿಸ್ತು ಅಂತ ಹೇಳ್ತಾರೆ.”

ಒಂದು ದಿನ ತಂಗಿಯ ಗಂಡ ಅವಳ ಪುಸ್ತಕಗಳನ್ನೆಲ್ಲ ಒಲೆಗೆ ಹಾಕಿದ. ಅಣ್ಣನಿಗೆ ಅವಳು ಅದನ್ನು ತಿಳಿಸಲಿಲ್ಲ. ಕಥೆ ಮಾತ್ರ ನಿಲ್ಲಲಿಲ್ಲ. ಈಗ ಎಲ್ಲದರಲ್ಲೂ ಒಬ್ಬ ಗಂಡ ಬರತೊಡಗಿದ. ಹೆಂಡತಿಯ ಬೆರಳುಗಳನ್ನು ಬಾಗಿಲ ಸಂದಿನಲ್ಲಿಟ್ಟು ಬಾಗಿಲು ಮುಚ್ಚುವವನು, ಕಾದ ಸೌಟನ್ನು ತೋಳಿಗೊತ್ತಿ ಅಡುಗೆಯ ರುಚಿ ವಿಚಾರಿಸುವವನು. ಅಣ್ಣ ಬಾಯಿ ಚಪ್ಪರಿಸಿ ಕೇಳಿದ. ಕೊನೆಗೊಮ್ಮೆ ವಿಮರ್ಶೆಗೂ ಇಳಿದ.

“ಎಲ್ಲಾ ಸರಿ ಕಣೆ, ಆದ್ರೆ ಈ ಗಂಡ ಯಾಕೋ ಅತಿಯಾದ. ದೆವ್ವಕ್ಕೂ ಒಂದು ಕಾರಣ ಇರುತ್ತೆ. ಇವನಿಗೆ ಬೇಡ್ವಾ?”

“ನಾನೂ ಹುಡುಕ್ತಾನೇ ಇದೀನಿ ಅಣ್ಣ” ಎಂದು ಅವಳು ತೋಳಿನ ಬಟ್ಟೆಯನ್ನು ಮೇಲಕ್ಕೆ ಸರಿಸಿದಳು. ಮೊಣಕೈಯಿಂದ ಭುಜದವರೆಗೆ ಸೌಟಿನ ಸುಟ್ಟ ಗುರುತುಗಳು ಸಾಲಾಗಿದ್ದವು.

ಅಭ್ಯಾಸಬಲದಿಂದ ಅವನ ಬಾಯಿಗೆ ಗಾದೆಯೇ ಬಂತು: “ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ...”

“ಅವರು ಉಂಡ ಮೇಲೇ ಶುರು ಮಾಡೋದು. ನನ್ನನ್ನ ವಾಪಸ್ ಕಳಿಸಬೇಡ ಅಣ್ಣ.”

ಅಷ್ಟರಲ್ಲಿ ಗಂಡನೇ ಬಂದ. ಒಗೆದ ಅಂಗಿ, ಬಾಚಿದ ತಲೆ. “ಏನ್ ಭಾವ, ಇವಳು ಇಲ್ಲಿ ಹರಟೆ ಹೊಡೀತಾ ಕೂತ್ರೆ ಮನೆ ನೋಡೋರು ಯಾರು? ಕಳಿಸಿಕೊಡಿ” ಎಂದು ನಗುತ್ತಲೇ ಅವಳ ಜಡೆಯನ್ನು ಮುಂಗೈಗೆ ಸುತ್ತಿಕೊಂಡು ಎಳೆದ. ಅವಳ ಹಣೆ ತಕ್ಕಡಿಯ ಕಬ್ಬಿಣದ ಅಂಚಿಗೆ ಬಡಿದು ಒಡೆಯಿತು.

“ಜಡೆ ಬಿಡು.”

“ನನ್ನ ಹೆಂಡ್ತಿ ಭಾವ.”

ಅಣ್ಣ ಎರಡನೆಯ ಸಲ ಹೇಳಲಿಲ್ಲ. ಗಂಡನ ಮುಖವನ್ನು ಮಾಂಸ ಕಡಿಯುವ ಕೊರಡಿಗೆ ಅಪ್ಪಳಿಸಿದ. ಹಲ್ಲುಗಳು ಕೊಬ್ಬಿನ ಚೂರುಗಳ ನಡುವೆ ಚೆಲ್ಲಿದವು. ಆದರೂ ಜಡೆ ಸುತ್ತಿದ ಕೈ ಸಡಿಲಲಿಲ್ಲ. ಅದರೊಡನೆ ತಂಗಿಯ ತಲೆಯೂ ಕೊರಡಿನತ್ತ ಜಗ್ಗಿಬಂತು. ಅಣ್ಣ ಮಚ್ಚೆತ್ತಿದ. ಅದು ಗಂಡನ ಮಣಿಕಟ್ಟಿನ ಮೇಲೆ ಬಿತ್ತು. ಜಡೆ ಕತ್ತರಿಸಿದ್ದರೆ ಸಾಕಿತ್ತೆಂದು ದರ್ಜಿ ಇಂದಿಗೂ ವಾದಿಸುತ್ತಾನೆ. “ಕತ್ತರಿ ಹಿಡಿಯೋನು ಹಾಗೇ ಹೇಳೋದು” ಎನ್ನುತ್ತಾಳೆ ಮುದುಕಿ.

ತಂಗಿ ಆ ಮನೆಗೆ ಹಿಂತಿರುಗಲಿಲ್ಲ. ಅಣ್ಣ ಜೈಲಿಗೆ ಹೋದ. ಕೊರಡಿನ ಮುಂದೆ ಅವಳು ನಿಂತಳು. ವರ್ಷಗಳ ಮೇಲೆ ಅವನು ಬಿಡುಗಡೆಯಾಗಿ ಬಂದಾಗ, ಅವನಿಗೆಂದೇ ಹೊಸದೊಂದು ಪ್ರೇತಕಥೆಯ ಪುಸ್ತಕ ತಂದಿಟ್ಟಿದ್ದಳು. ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಓದತೊಡಗಿದಳು. ಕಥೆಯಲ್ಲಿ ಒಬ್ಬಳ ಕತ್ತು ಹಿಸುಕುವ ಭಾಗ ಬಂದಾಗ ಅಣ್ಣ ಕೈಯೆತ್ತಿ ತಡೆದ.

“ತೋರಿಸು.”

ಅವಳು ಪುಸ್ತಕವನ್ನು ಅವನತ್ತ ತಿರುಗಿಸಿ ಹಿಡಿದಳು. ಅವನು ಸಾಲುಸಾಲಿಗೂ ಬೆರಳಿಟ್ಟು, ಅಲ್ಲಿ ಅಚ್ಚಾಗಿದ್ದುದನ್ನು ತಾನೇ ಓದಿ ನೋಡಿದ.

“ಸರಿ” ಎಂದ. “ಮುಂದೆ ಹೇಳು.”